ಸೊನ್ನಿ ಖಾನೆ

ಧಾರವಾಡದ ಸಪ್ತಾಪುರದಾಗ ಒಬ್ಬ ವಕೀಲರು ಕೊಟ್ರು,
ರೊಕ್ಕ ಮುಟ್ಟಲಿಲ್ಲ.
"ಕಿವಿ ಪೂರಾ ಇಲ್ಲ ಬಾಕಳೆ, ಯಾರೂ ಕೊಳ್ಳಂಗಿಲ್ಲ,
ನಿಮ್ಮ ಪ್ರೆಸ್ಸಿನ ಸಪ್ಪಳಕ್ಕ ಇದೇ ಬೇಷ್."
ಹುಟ್ಟಿದಾಗ ಒಂದು ಚುಕ್ಕಿನೂ ಇರಲಿಲ್ಲಂತ,
ಖಾಲಿ ಹಾಳಿ.
ಎರಡು ವಾರ ತಡದು ಮೈತುಂಬ ಮಸಿ ಮೂಡಿತಂತ,
ಯಾರೂ ಒತ್ತದ.

ಪೈಕಾ ಅಂತ ಹೆಸರಿಟ್ಟೆ.
ಕರದರ ಕೇಳಂಗಿಲ್ಲಂತ ಗೊತ್ತಿದ್ದೂ ಇಟ್ಟೆ.

ಗದಗಿನ ಟಾಂಗಾಕೂಟಿನ ಹಿಂದ ನಮ್ಮ ಪ್ರೆಸ್ಸು.
ಮೊಳಿ ಜೋಡಸೂ ಕಾಲ ಮುಗದು ಇಪ್ಪತ್ತು ವರ್ಷಾತು,
ಮರದ ಕೇಸು ಒಂದು ಮೂಲ್ಯಾಗ ಇನ್ನೂ ಐತಿ.
ಅದರಾಗ ಸೊನ್ನಿ ಖಾನೆ ಎಲ್ಲಾಕಿಂತ ಸವದೈತಿ.
ಲಗ್ನದ ಸುಗ್ಗಿ ಬಂದ್ರ ಸೊನ್ನಿ ಸಾಲತಿದ್ದಿಲ್ಲ:
ಅಂಗಡಿಯವರು, ಸಂಶಿಯವರು, ಕುಂದಗೋಳದವರು, ಹೊಂಬಳದವರು,
ಬೀಗರೆಲ್ಲಾ ಸೊನ್ನಿ ಹೊತಗೊಂಡೇ ಬರತಿದ್ರು.
ಎರವಲ ತರಾಕ ಬೆಟಗೇರಿಗೆ ಸೈಕಲ್ ತುಳೀತಿದ್ದೆ.
ಈಗ ನೋಡಿದ್ರ
ಕಳದ ಸೊನ್ನಿ ಎಲ್ಲಾ ಇದರ ಮೈಮ್ಯಾಲೆ,
ಒಂದರ ಬಗಲಿಗೂ ಅಕ್ಷರಿಲ್ಲ.

ಕೂಡ್ರು ಅಂದ್ರ ಕೂಡ್ರೂ ಜಾತಿ ಅಲ್ಲ ಇದು.
ಮುಂಜಾನಿ ಐದಕ್ಕ ಹಾಸಿಗಿ ಜಗ್ಗತೈತಿ.
ನನ್ನ ಲೂನಾದ ಹಿಂದಿನ ಗಾಲಿಗೆ ಮೂಗು ಹಚ್ಚಿ
ಮುಳಗುಂದ ನಾಕಾದಿಂದ ಭೀಷ್ಮನ ಕೆರಿತನಕಾ ಓಡಿ
ತಿರುಗಿ ಬಂದು "ಇಷ್ಟ ಏನು?" ಅಂತ ನೋಡತೈತಿ.
ದಮ್ಮು ಹತ್ತೂದು ನನಗ.

ಒಂದಿನ, ಕೂಟಿನಾಗ ಉಳದಿದ್ದ ಒಂದ ಟಾಂಗಾ,
ದಾವಲಸಾಬನ ಬಿಳಿ ಹೆಣ್ಣುಗುದರಿ,
ಮೇವು ಹೇರಿಕೊಂಡು ಹೊಂಟಿತ್ತು.
ಪೈಕಾ ಹುಟ್ಟಿದಾಗಿಂದ ಕುದರಿ ಕಂಡದ್ದಲ್ಲ.
ಸೀದಾ ಹೋಗಿ ಗಾಲಿಗಳ ನಡುವ, ಅಚ್ಚಿನ ತೆಳಗ ಸೇರಿ,
ಕುದರಿ ಹಿಂಗಾಲಿಗೆ ತನ್ನ ಹೆಜ್ಜಿ ಕೂಡಿಸಿ
ರೈಲ್ವೆ ಗೇಟಿನ ತನಕಾ ಓಡಿತು,
ಬಿಟ್ಟ ನೌಕರಿ ತಿರುಗಿ ಸಿಕ್ಕವರಂಗ.
ನನ್ನ ಅಚ್ಚು ಬ್ಯಾರೆ, ಅದರ ಅಚ್ಚು ಬ್ಯಾರೆ
ಅಂತ ಅವತ್ತು ತಿಳೀತು.
ದಾವಲಸಾಬ ಚಾಬೂಕು ಇಳಿಸಿ ನಕ್ಕ:
"ಇದಕ್ಕ ಪಗಾರ ಕೊಡಬೇಕೇನು ಸಾವಕಾರ?"

ಹೊಸಬರು ಬಂದ್ರ ದೂರ ಕುಂತು ಅಳೀತೈತಿ.
ಗುರ್ತಿನವರಾದ್ರ ಮ್ಯಾಲಿನ ತುಟಿ ಎತ್ತಿ
ಅಷ್ಟೂ ಹಲ್ಲು ತೋರಸತೈತಿ.
ಹೆಬಸೂರ ಟೀಚರು ಚೀರಿದ್ರು.
"ಇಲ್ರೀ, ನಗಾಕ್ಹತ್ತೈತಿ."
"ಹಿಂಗ ನಗತಾರೇನ್ರೀ?"
ನಮ್ಮ ಕಾಕಾ ಹಿಂಗ ನಗತಿದ್ದ ಅಂದೆ.

ಬೆಟಗೇರಿ ದನದ ಡಾಕ್ಟರು ಚೀಟಿ ಬರದ್ರು:
ಖೀಮಾ ಬಂದ್, ಕಲೀಜಾ ಬಂದ್,
ಈ ಜಾತಿಗೆ ಮೂತ್ರದಾಗ ಹರಳಾಗತಾವು,
ನೀರು ಮಾತ್ರ ಬೇಕಾದಷ್ಟು.
ನಮ್ಮ ಓಣಿಗೆ ನಳ ಎಂಟು ದಿನಕ್ಕೊಮ್ಮೆ.
ಅದರ ಕೊಡಾ ಬ್ಯಾರೇ ಇಟ್ಟೇವಿ,
ಬೀಗರು ಬಂದ್ರೂ ಮುಟ್ಟಂಗಿಲ್ಲ.

ಒಂದ ಸಲ ಹೊಡದೇನಿ.
ಕೇಸು ಉರುಳಿಸಿತ್ತು, ನಮ್ಮಪ್ಪನ ಮೊಳಿ ಫರಸಿ ತುಂಬ.
ಅಳತಿ ಪಟ್ಟಿಲೆ ಒಂದೇ ಏಟು.
ಹನ್ನೊಂದು ದಿನ ನನ್ನ ಕೈಯಿಂದ ರೊಟ್ಟಿ ತಿನ್ನಲಿಲ್ಲ.
ಅಂಬೂಬಾಯಿ ಕೈಯಾಗ ತಿಂತು, ನನ್ನ ನೋಡಕೋತ.
ಪಟ್ಟಿ ಒಲಿಗೆ ಹಾಕಿದೆ. ಹಂಗಾದ್ರೂ
ಇವತ್ತಿಗೂ ನಾ ಸ್ಕೇಲು ಹಿಡದ್ರ ಅದು ಬಾಗಲಾ ನೋಡತೈತಿ.
ಆ ಮೊಳ್ಯಾಗ ಒಂದೂ ತಿರುಗಿ ಖಾನೆಗೆ ಹಾಕಿಲ್ಲ ನಾ,
ಡಬ್ಬಿ ತುಂಬಿ ಇಟ್ಟೇನಿ.

ನನ್ನ ಎಡಗಿವಿನೂ ಟ್ರೆಡಲ್ ತಿಂದೈತಿ,
ಹುಬ್ಬಳ್ಳಿ ಡಾಕ್ಟರು ಕಾಗದದ ಮ್ಯಾಲೆ ಗೀಟು ಎಳದು ತೋರಿಸ್ಯಾರ.
ಹಿಂಗಾಗಿ ನಾವಿಬ್ರೂ ಮಷೀನ ಕೇಳೂದು ಕಾಲಿಲೆ.
ಅದು ಹೊಟ್ಟಿ ನೆಲಕ್ಕ ಹಚ್ಚಿ ಮಲಗತೈತಿ,
ಆಫ್‌ಸೆಟ್ ನಡಗೂತನಕಾ ನಿದ್ದಿ.
ಕರೆಂಟ್ ಹೋತಂದ್ರ
ಇಬ್ರೂ ಒಮ್ಮೆಲೆ ತೆಲಿ ಎತ್ತತೇವಿ.

ಕೂದಲಾ ಮಾತ್ರ ಬಾರಾ ತಿಂಗಳಾ ಉದರತಾವು,
ಚಹಾದಾಗ, ಅಂಟಿನಾಗ, ರೋಲರಿನಾಗ.
ನಿನ್ನೆ ಒಂದು ಲಗ್ನಪತ್ರಿಕಿ, ಕುಂಕುಮ ಬಣ್ಣ,
ವರನ ಹೆಸರಿನ ಮ್ಯಾಲೆ ಸೂಜಿಯಷ್ಟು ಬಿಳಿ ಗೆರಿ.
ಐನೂರು ಆಗಲೇ ಹೊರಬಿದ್ದಿದ್ದುವು.
ಗಿರಾಕಿ ಬೆರಳಿಲೆ ಉಜ್ಜಿ ನೋಡಿದ:
"ಇದೇನ್ರಿ ಇದು?"
"ಡಿಸೈನು" ಅಂದೆ.
ಟೇಬಲ್ ತೆಳಗ ಪೈಕಾ ತುಟಿ ಎತ್ತಿತು.